ಹುಡುಕಿದ್ದು ಸಿಗಬೇಕು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



"ನೀವು ಯೂನಿವರ್ಸಿಟಿಯಲ್ಲಿ ಪಾಠ ಮಾಡ್ತೀರಂತಲ್ಲ, ಅದರ ಬಗ್ಗೆ ಹತ್ತು ನಿಮಿಷ ಮಾತಾಡಿ" ಅಂತ ಕಾರ್ಯದರ್ಶಿಗಳು ಹೇಳಿದರು. ಹಗಲು ನಾನು ಒಂದು ಕಂಪನಿಯ ಲೈಬ್ರರಿ ನೋಡಿಕೊಳ್ಳುತ್ತೇನೆ. ಅವರ ಒಪ್ಪಿಗೆ ಪತ್ರ ಪಡೆದು, ವಾರಕ್ಕೆ ಎರಡು ಸಂಜೆ ಇಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅರೆಕಾಲಿಕವಾಗಿ ಇಂಡೆಕ್ಸಿಂಗ್ ಕಲಿಸುತ್ತೇನೆ. ಇಂಡೆಕ್ಸಿಂಗ್ ಅಂದ್ರೆ ಸೂಚಿ ಮಾಡುವ ವಿದ್ಯೆ. ಲಕ್ಷ ಪುಸ್ತಕವಿದ್ದರೂ ಬೇಕಾದಾಗ ಬೇಕಾದದ್ದು ಕೈಗೆ ಸಿಗುವಂತೆ ಮಾಡುವುದು, ಅಷ್ಟೇ.

ಅರಬರಿಗೆ ಇದು ಹೊಸ ವಿದ್ಯೆಯಲ್ಲ. ಸಾವಿರ ವರ್ಷಗಳ ಹಿಂದೆ, ಹತ್ತನೇ ಶತಮಾನದಲ್ಲಿ, ಬಾಗ್ದಾದಿನ ಇಬ್ನ್ ಅಲ್ ನದೀಮ್ ಆಗ ಅರಬ್ಬಿಯಲ್ಲಿದ್ದ ಪುಸ್ತಕಗಳನ್ನೆಲ್ಲ ವಿಷಯವಾರು ಪಟ್ಟಿ ಮಾಡಲು ಹೊರಟ. ಆ ಗ್ರಂಥದ ಹೆಸರು 'ಅಲ್ ಫಿಹ್ರಿಸ್ತ್'. ಉರ್ದು ಬಲ್ಲವರು ಪಟ್ಟಿಗೆ ಫೆಹರಿಸ್ತ್ ಅನ್ನುತ್ತಾರಲ್ಲ, ಅದೇ ಪದ.

ಆದರೆ ನಾನು ಕ್ಲಾಸಿನಲ್ಲಿ ಕಲಿಸುವ ಮುಖ್ಯ ಪಾಠ ಬಂದದ್ದು ನಮ್ಮ ಕಡೆಯಿಂದ. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಎಸ್.ಆರ್. ರಂಗನಾಥನ್ 1924ರಲ್ಲಿ ಅಲ್ಲಿಯ ವಿಶ್ವವಿದ್ಯಾಲಯದ ಲೈಬ್ರೇರಿಯನ್ ಆದರು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು, 1933ರಲ್ಲಿ ಕೋಲನ್ ವರ್ಗೀಕರಣವನ್ನು ಕೊಟ್ಟರು. 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಎಂಬ ತರಬೇತಿ ಕೇಂದ್ರ ಕಟ್ಟಿ, 1972ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಅವರ ಒಂದು ಉಪಾಯಕ್ಕೆ ಚೈನ್ ಇಂಡೆಕ್ಸಿಂಗ್, ಅಂದರೆ ಸರಪಳಿ ಸೂಚಿ, ಅಂತ ಹೆಸರು.

ಒಂದು ಉದಾಹರಣೆ ಕೊಡ್ತೇನೆ. ಖರ್ಜೂರದ ಮರ ಕೊರೆಯುವ ಕೆಂಪು ಮೂತಿ ಹುಳುವಿನ ಬಗ್ಗೆ ಒಂದು ಪುಸ್ತಕವಿದೆ. ಅದರ ಸರಪಳಿ ಹೀಗೆ: ಕೃಷಿ, ತೋಟದ ಬೆಳೆ, ಖರ್ಜೂರ, ಕೀಟ, ಕೆಂಪು ಮೂತಿ ಹುಳು. ಈ ಸರಪಳಿಯನ್ನು ತುದಿಯಿಂದ ಹಿಂದಕ್ಕೆ ಎಳೆಯುತ್ತಾ ಒಂದೊಂದು ಕೊಂಡಿಗೂ ಒಂದೊಂದು ನಮೂದು ಬರೆಯಬೇಕು. ಆಗ ಹುಳು ಅಂತ ಹುಡುಕಿದವನಿಗೂ ದಾರಿ ಸಿಗುತ್ತದೆ, ಖರ್ಜೂರ ಅಂತ ಹುಡುಕಿದವನಿಗೂ ಸಿಗುತ್ತದೆ. ಇದೇ ಹುಳು ನಮ್ಮೂರಿನ ತೆಂಗಿನ ಮರವನ್ನೂ ತಿನ್ನುತ್ತದೆ ಅಂದಾಗ ಹುಡುಗರು ಕಣ್ಣರಳಿಸಿ ಕೇಳುತ್ತಾರೆ.

ಕಷ್ಟ ಬರುವುದು ವ್ಯಕ್ತಿಗಳ ಹೆಸರಿನಲ್ಲಿ. ಬಸ್ರಾದ ಹಳೆಯ ಲೇಖಕ ಅಬೂ ಉಸ್ಮಾನ್ ಅಮ್ರ್ ಇಬ್ನ್ ಬಹ್ರ್ ಅಂದರೆ ಹೆಚ್ಚಿನವರಿಗೆ ಗೊತ್ತಾಗದು. ಅಲ್ ಜಾಹಿಜ್ ಅಂದರೆ ಎಲ್ಲರಿಗೂ ಗೊತ್ತು. ಅದರಲ್ಲೂ 'ಅಲ್' ಬಿಟ್ಟು 'ಜ' ಅಕ್ಷರದಲ್ಲಿ ಹುಡುಕಬೇಕು. ನಮ್ಮ ಮಾಸ್ತಿಯವರದ್ದೂ ಅದೇ ಕಥೆ. ಮಾಸ್ತಿ ಊರಿನ ಹೆಸರು, ವೆಂಕಟೇಶ ಸ್ವಂತ ಹೆಸರು, ಅಯ್ಯಂಗಾರ್ ಕುಲದ್ದು, ಶ್ರೀನಿವಾಸ ಕಾವ್ಯನಾಮ. ನಾಲ್ಕು ಜನ ನಾಲ್ಕು ಕಡೆ ಹುಡುಕಿದರೂ ಎಲ್ಲರೂ ಒಂದೇ ಕಪಾಟಿಗೆ ಬಂದು ಸೇರಬೇಕು. ಅದಕ್ಕೆ ಒಂದು ಹೆಸರನ್ನು ಅಧಿಕೃತ ಅಂತ ಇಟ್ಟುಕೊಂಡು, ಉಳಿದ ಹೆಸರುಗಳ ಕೆಳಗೆಲ್ಲ 'ಇಂಥಲ್ಲಿ ನೋಡಿ' ಅಂತ ಬರೆಯುತ್ತೇವೆ.

ಇದನ್ನೆಲ್ಲ ನಮಗ್ಯಾಕೆ ಹೇಳ್ತಾರೆ ಅನ್ನಿಸಬಹುದು. ನಮ್ಮ ಹೆಸರುಗಳೂ ಇಲ್ಲಿ ಯಾವುದೋ ಸೂಚಿಯಲ್ಲಿ ಕೂತಿವೆ, ಬಂಧುಗಳೇ. ಅರಬ್ಬಿಯಲ್ಲಿ 'ಪ' ಇಲ್ಲ. ಪೂಜಾರಿ ಬೂಜಾರಿ ಆಗುತ್ತಾನೆ. 'ಗ' ಬಂದರೆ ಒಬ್ಬ ಗುಮಾಸ್ತ ಒಂದು ಅಕ್ಷರ ಹಾಕಿದರೆ ಇನ್ನೊಬ್ಬ ಇನ್ನೊಂದು ಹಾಕುತ್ತಾನೆ. ಇನಿಷಿಯಲ್ ಒಂದು ಕಾಗದದಲ್ಲಿ ಇದ್ದರೆ ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರಾಗಿರುತ್ತದೆ.

ನನಗೆ ಪರಿಚಯದ ಒಬ್ಬ ಮೇಸ್ತ್ರಿ, ಒಂದೇ ಕಡೆ 11 ವರ್ಷ ದುಡಿದು, ಕರಾರು ಮುಗಿಸಿ ಊರಿಗೆ ಹೊರಟಿದ್ದರು. ಕಚೇರಿಯವರು ಕಂಪ್ಯೂಟರಿನಲ್ಲಿ ಹುಡುಕಿ, ನಿಮ್ಮದು ನಾಲ್ಕೇ ವರ್ಷ ಅಂದರು. ಪಾಸ್‌ಪೋರ್ಟ್ ಹೊಸದು ಮಾಡಿಸಿದಾಗ ಹೆಸರು ಬರೆಯುವ ರೀತಿ ಬದಲಾಗಿತ್ತು. ಹಳೆಯ ಏಳು ವರ್ಷ ಬೇರೊಬ್ಬನ ಲೆಕ್ಕದಲ್ಲಿ ಕೂತಿತ್ತು. ಇಲ್ಲಿಯ ಕಾರ್ಮಿಕ ಕಾನೂನಿನ 84ನೇ ಕಲಮಿನ ಪ್ರಕಾರ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ ಪೂರ್ತಿ ತಿಂಗಳ ಸಂಬಳ. ಲೆಕ್ಕ ಹಾಕಿ ನೋಡಿ: 11 ವರ್ಷಕ್ಕೆ ಎಂಟೂವರೆ ತಿಂಗಳ ಸಂಬಳ, ನಾಲ್ಕು ವರ್ಷಕ್ಕೆ ಎರಡೇ ತಿಂಗಳದ್ದು. ಆರೂವರೆ ತಿಂಗಳ ಬೆವರು ಒಂದು ಅಕ್ಷರದ ಸಂದಿಯಲ್ಲಿ ಬಿದ್ದು ಹೋಗಿತ್ತು!

ಅವರನ್ನು ಉಳಿಸಿದ್ದು ಒಂದು ಪ್ಲಾಸ್ಟಿಕ್ ಚೀಲ. ಹಳೆಯ ಕರಾರು, ಸಂಬಳದ ಚೀಟಿ, ಅವಧಿ ಮುಗಿದ ಇಕಾಮಾದ ಜೆರಾಕ್ಸ್ ಎಲ್ಲ ಅದರಲ್ಲಿತ್ತು. ಇಕಾಮಾ ಎಷ್ಟು ಸಲ ನವೀಕರಣವಾದರೂ ಅದರ ಹತ್ತು ಅಂಕೆಯ ನಂಬರು ಬದಲಾಗುವುದಿಲ್ಲ. ಹೆಸರು ಬಿಟ್ಟು ಆ ನಂಬರು ಹಿಡಿದು ಹುಡುಕಿಸಿದೆವು. ಎರಡು ಲೆಕ್ಕವೂ ಒಬ್ಬರದ್ದೇ ಅಂತ ಕಚೇರಿಯವರು ಒಪ್ಪಿದರು, ಪೂರ್ತಿ ಹಣ ಬಂತು. ಈ ಘಟನೆಯನ್ನು, ಯಾರ ಹೆಸರನ್ನೂ ಹೇಳದೆ, ಈಗ ಪ್ರತಿ ವರ್ಷ ನನ್ನ ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ನಾಳೆ ಅವರಲ್ಲಿ ಕೆಲವರು ಇಂಥದೇ ಕಚೇರಿಗಳಲ್ಲಿ ಕಡತ ನೋಡುವವರು. ಪರದೆಯ ಮೇಲೆ 'ಇಲ್ಲ' ಅಂತ ಬಂದರೆ ಮನುಷ್ಯನೇ ಇಲ್ಲ ಅಂತ ಅರ್ಥವಲ್ಲ, ಇನ್ನೊಂದು ರೀತಿಯಲ್ಲಿ ಹುಡುಕಿ ಅಂತ ಅವರಿಗೆ ಗೊತ್ತಿರಬೇಕು.

ನಿಮ್ಮಲ್ಲಿ ಒಂದು ವಿನಂತಿ. ಈ ಶುಕ್ರವಾರ ರೂಮಿನಲ್ಲಿ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ಹಾಳೆಯ ಮೇಲೆ ಇಕಾಮಾ ನಂಬರು, ಹಳೆಯ ಮತ್ತು ಹೊಸ ಪಾಸ್‌ಪೋರ್ಟ್ ನಂಬರು, ಕೆಲಸಕ್ಕೆ ಸೇರಿದ ತಾರೀಕು, ನಿಮ್ಮ ಹೆಸರನ್ನು ಯಾವ ಯಾವ ಕಾಗದದಲ್ಲಿ ಹೇಗೆ ಹೇಗೆ ಬರೆದಿದ್ದಾರೆ ಎಲ್ಲ ಬರೆದಿಡಿ. ಅದರ ಒಂದು ಪ್ರತಿ ಊರಿನಲ್ಲಿ ಮನೆಯವರ ಹತ್ತಿರ ಇರಲಿ. ಅರಬ್ಬಿ ಓದಲು ಬಾರದಿದ್ದರೆ ಸಂಘದ ಕೋಣೆಗೆ ಬನ್ನಿ, ಕೂತು ಬರೆಯೋಣ. ಓದುಗರ ಸಮಯ ಉಳಿಸಬೇಕು ಅನ್ನುವುದು ರಂಗನಾಥನ್ ಅವರ ನಾಲ್ಕನೇ ಸೂತ್ರ. ನಾವಂತೂ ಇಲ್ಲಿಗೆ ಬಂದು ಮಾರುತ್ತಿರುವುದೇ ನಮ್ಮ ಸಮಯವನ್ನು. ಅದರ ಲೆಕ್ಕ ಕಳೆದುಹೋಗಬಾರದು.