ಹೆರಿಗೆಗೆ ರಜೆ ಇದೆ, ಆರೈಕೆಗೆ ಎಲ್ಲಿದೆ?

ಇವತ್ತಿನ ವಿಷಯ ರಜೆ. ಗೋವಾ ಟ್ರಿಪ್ಪಿನ ರಜೆ ಅಲ್ಲ. ಮಗುವಿಗೆ ಜ್ವರ ಬಂದಾಗ, ಅಮ್ಮನಿಗೆ ಆಪರೇಷನ್ ಆದಾಗ ಬೇಕಾಗುತ್ತಲ್ಲ, ಆ ರಜೆ.

ಮೊದಲು ಕಾನೂನು ಏನು ಕೊಡುತ್ತೆ ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯ್ತು. ಮೊದಲ ಎರಡು ಮಕ್ಕಳಿಗೆ, 12 ವಾರ ಇದ್ದ ಸಂಬಳ ಸಹಿತ ರಜೆ 26 ವಾರಕ್ಕೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನ ನೋಡ್ಕೊಂಡು ಬರಬಹುದು ಅಂತಲೂ ಸೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೇ ಅಂಶಗಳಿವೆ.

ಸರಿ, ಅಪ್ಪನಿಗೆ? ಕೇಂದ್ರ ಸರ್ಕಾರಿ ನೌಕರನಾದರೆ 15 ದಿನ ಪಿತೃತ್ವ ರಜೆ. ಖಾಸಗಿ ಕಂಪನಿಯಲ್ಲಿದ್ದರೆ ಕಾನೂನು ಒಂದು ದಿನವೂ ಕೊಡಲ್ಲ. ಕಂಪನಿ ತಾನಾಗಿ ಕೊಟ್ಟರೆ ಉಂಟು, ಇಲ್ಲಾಂದ್ರೆ ಇಲ್ಲ.

ನಾನು ಕಾಮರ್ಸ್ ಓದಿದವನು, ಹಾಗಾಗಿ ನನ್ನ ಮುಂದಿನ ಪ್ರಶ್ನೆ: ಬಿಲ್ ಯಾರು ಕಟ್ಟೋದು? ತಿಂಗಳಿಗೆ 40,000 ಸಂಬಳ ಇರೋ ಒಬ್ಬರು 26 ವಾರ ರಜೆ ಹೋದರೆ ಸುಮಾರು 2 ಲಕ್ಷ 40 ಸಾವಿರ ರೂಪಾಯಿ. ಅಷ್ಟನ್ನೂ ಆ ಒಂದೇ ಕಂಪನಿ ಭರಿಸಬೇಕು. ಹತ್ತಿಪ್ಪತ್ತು ಜನ ಇರೋ ಆಫೀಸಿಗೆ ಅದು ದೊಡ್ಡ ಮೊತ್ತ. ಇಂಟರ್‌ವ್ಯೂನಲ್ಲಿ ಹುಡುಗೀರಿಗೆ ಮಾತ್ರ "ಮದುವೆ ಯಾವಾಗಮ್ಮ?" ಅಂತ ಕೇಳ್ತಾರಲ್ಲ, ಆ ಪ್ರಶ್ನೆಯ ಹಿಂದೆ ಇರೋದು ಇದೇ ಲೆಕ್ಕ. ಹೆಣ್ಣುಮಕ್ಕಳಿಗೆ ಅಂತ ಮಾಡಿದ ಕಾನೂನು ಅವರ ಕೆಲಸಕ್ಕೇ ಅಡ್ಡ ಬರಬಹುದು.

ಇದಕ್ಕೆ ದಾರಿ ನಮ್ಮಲ್ಲೇ ಇದೆ. ಇಎಸ್‌ಐ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋರಿಗೆ ಅನ್ವಯಿಸುತ್ತೆ. ಮಾಲೀಕರು ಶೇ. 3.25, ನೌಕರರು ಶೇ. 0.75 ಕಟ್ತಾರೆ. ಅಂದ್ರೆ 20,000 ಸಂಬಳಕ್ಕೆ 650 ಮತ್ತು 150 ರೂಪಾಯಿ. ಹೆರಿಗೆ ರಜೆಯ ಹಣ ಆ ನಿಧಿಯಿಂದ ಬರುತ್ತೆ. ರಜೆ ಹೋದವರು ಗಂಡೋ ಹೆಣ್ಣೋ ಅನ್ನೋದು ಮಾಲೀಕರ ಜೇಬಿಗೆ ನೇರವಾಗಿ ತಟ್ಟಲ್ಲ. ಈ ಕೊಡೆಯನ್ನ ಸ್ವಲ್ಪ ಅಗಲ ಮಾಡೋಕೆ ಯಾಕಾಗಲ್ಲ?

ಇನ್ನು ಆರೈಕೆ. ನಾನು ಅಕೌಂಟ್ಸ್ ಕೆಲಸದಲ್ಲಿದ್ದಾಗ ಅಪ್ಪನಿಗೆ ಡಯಾಲಿಸಿಸ್ ಶುರುವಾಯ್ತು. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ 4 ಗಂಟೆ. ವರ್ಷಕ್ಕೆ 104 ಅರ್ಧ ದಿನ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಅನಾರೋಗ್ಯ ರಜೆ ಇದೆ, ಆದರೆ 104 ಅರ್ಧ ದಿನಕ್ಕೆ ಅದು ಸಾಲಲ್ಲ. ಅಪ್ಪ ಅಮ್ಮನ ಆರೈಕೆಗೆ ಅಂತಲೇ ಬೇರೆ ಕಾಲಂ ಇಲ್ಲ. ಆಫೀಸಲ್ಲಿ ಅರ್ಧ ದಿನದ ರಜೆಯೂ ಇರಲಿಲ್ಲ, ಬೇಕಾದ್ರೆ ಇಡೀ ದಿನ ತಗೋ ಅಂದ್ರು. ಗಳಿಕೆ ರಜೆ ಎಲ್ಲಾ ಮುಗಿದ ಮೇಲೆ ಸಂಬಳ ಕಟ್. ಕೊನೆಗೆ ಅಕ್ಕ ಕೆಲಸ ಬಿಟ್ಟಳು. ಅವಳ ಸಂಬಳ ನನ್ನದಕ್ಕಿಂತ ಕಡಿಮೆ ಇತ್ತು, ಅಷ್ಟೇ ಕಾರಣ. ಅಪ್ಪ ಹೋಗಿ ಎರಡು ವರ್ಷ ಆಯ್ತು. ಅಕ್ಕನಿಗೆ ಹಳೇ ಕೆಲಸ ಮತ್ತೆ ಸಿಕ್ಕಿಲ್ಲ.

ಅಮೆರಿಕದಲ್ಲಿ 1993ರಿಂದ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ ಇದೆ. ವರ್ಷಕ್ಕೆ 12 ವಾರ. ಗಂಡ, ಹೆಂಡತಿ, ಮಕ್ಕಳು, ಅಪ್ಪ ಅಮ್ಮನ ಗಂಭೀರ ಕಾಯಿಲೆಗೂ ತಗೋಬಹುದು. ವೈದ್ಯಕೀಯ ಅಗತ್ಯ ಇದ್ದರೆ ತುಂಡು ತುಂಡಾಗಿ, ಗಂಟೆ ಲೆಕ್ಕದಲ್ಲೂ ತಗೋಬಹುದು. ಅಲ್ಲಿರೋದೇ ಸರಿ ಅಂತಲ್ಲ. ಅದು ಸಂಬಳ ಇಲ್ಲದ ರಜೆ, ಸಣ್ಣ ಕಂಪನಿಗಳಿಗೆ ಅನ್ವಯಿಸಲ್ಲ. ಈ ವಿಷಯದಲ್ಲಿ 26 ವಾರ ಸಂಬಳ ಕೊಡೋ ನಾವೇ ಮುಂದೆ. ಆದರೆ ಕೆಲಸ ಉಳಿಸಿಕೊಂಡು ಗಂಟೆ ಲೆಕ್ಕದಲ್ಲಿ ರಜೆ ಹಾಕಬಹುದು ಅನ್ನೋ ಆ ಒಂದು ನಿಯಮ ಇಲ್ಲಿ ಇದ್ದಿದ್ರೆ, ಡಯಾಲಿಸಿಸ್ ಪಾಳಿಯನ್ನ ನಾನೂ ಅಕ್ಕನೂ ಹಂಚಿಕೊಳ್ಳಬಹುದಿತ್ತು.

ನಾನು ಕೇಳೋದು ಇಷ್ಟೇ. ರಜೆ ಅಮ್ಮನಿಗೆ ಮಾತ್ರ ಬೇಡ, ನೋಡ್ಕೊಳ್ಳೋ ಎಲ್ಲರಿಗೂ ಇರಲಿ. ಗಂಟೆ ಲೆಕ್ಕದಲ್ಲಿ ತಗೊಳ್ಳೋಕೆ ಬರಲಿ. ಖರ್ಚು ಒಂದೇ ಕಂಪನಿ ಮೇಲೆ ಬೀಳದೆ ನಿಧಿಯಿಂದ ಬರಲಿ.

ನಾಳೆ ಆಫೀಸಿಗೆ ಹೋದಾಗ ಎಚ್‌ಆರ್ ಪಾಲಿಸಿ ತೆಗೆದು ಮೂರು ವಿಷಯ ಹುಡುಕಿ: ಅಪ್ಪಂದಿರಿಗೆ ಎಷ್ಟು ದಿನ ಇದೆ, ಅಪ್ಪ ಅಮ್ಮನ ಚಿಕಿತ್ಸೆಗೆ ರಜೆ ಇದೆಯಾ, ಅರ್ಧ ದಿನ ತಗೋಬಹುದಾ. ಇಲ್ಲ ಅಂತಿದ್ರೆ ನಾಲ್ಕು ಜನ ಸೇರಿ ಒಂದು ಮೇಲ್ ಹಾಕಿ. ಮನೇಲಿ ಯಾರೂ ಹುಷಾರು ತಪ್ಪದೇ ಇರೋವಾಗಲೇ ಕೇಳೋದು ಒಳ್ಳೇದು. ಮುಂದಿನ ವಾರ ಸಿಗೋಣ.