ಕೆಲಸ ಬಂದ ದಾರಿ



1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಇಲ್ಲಿ ಮಾಡಿದ ಕೆಲಸ ಉಪಗ್ರಹದ ಮೂಲಕ ಅಮೆರಿಕಕ್ಕೆ ಹೋಗತೊಡಗಿತು. ಹಡಗು ಬೇಡ, ವೀಸಾ ಬೇಡ. ಮುಂದೆ ನನ್ನಂಥ ಎಷ್ಟೋ ಮಂದಿಗೆ ಅದೇ ದಾರಿಯಲ್ಲಿ ಅನ್ನ ಸಿಕ್ಕಿತು. 2020ರ ಲಾಕ್‌ಡೌನ್‌ನಲ್ಲಿ ನಾನು ನಮ್ಮೂರ ಜಗಲಿಯಲ್ಲೇ ಕೂತು ಅಮೆರಿಕದ ಬ್ಯಾಂಕೊಂದರ ಕೆಲಸ ಮಾಡಿದೆ. ನೆಟ್‌ವರ್ಕ್ ಹೋದಾಗ ಈ ಶಾಲೆಯ ಹಿಂದಿನ ದಿಬ್ಬ ಹತ್ತುತ್ತಿದ್ದೆ.

ಆದರೆ ಬಂದ ದಾರಿಯಲ್ಲೇ ಕೆಲಸ ಹೊರಟೂ ಹೋಗಬಹುದು. ಹೊಸಬರಿಗೆ ನಾವು ಮೊದಲು ಕೊಡುತ್ತಿದ್ದುದು ಪ್ರೋಗ್ರಾಂ ಪರೀಕ್ಷಿಸುವ ಕೆಲಸ. ನಾನೂ ಕಲಿತದ್ದು ಅಲ್ಲೇ. ಈಗ ಅದರಲ್ಲಿ ಬಹುಪಾಲನ್ನು ಎಐ ಮಾಡುತ್ತದೆ. ಕಳೆದ ವರ್ಷ ನಮ್ಮ ತಂಡಕ್ಕೆ ಒಬ್ಬ ಹೊಸಬರನ್ನೂ ತೆಗೆದುಕೊಳ್ಳಲಿಲ್ಲ.

ಹಾಗಾಗಿ "ಬಿಇ ಮಾಡಿ, ಕೆಲಸ ಗ್ಯಾರಂಟಿ" ಎಂದು ಮಕ್ಕಳಿಗೆ ನಾನು ಹೇಳಲಾರೆ. ಒಂದು ಮಾತು ಮಾತ್ರ ಹೇಳಬಲ್ಲೆ. ಎಐ ತಪ್ಪು ಉತ್ತರವನ್ನೂ ಧೈರ್ಯವಾಗಿಯೇ ಹೇಳುತ್ತದೆ. ತಪ್ಪು ಹಿಡಿಯಲು ವಿಷಯ ಗೊತ್ತಿರಬೇಕು. ನಮ್ಮ ಗಣಿತದ ಮೇಷ್ಟ್ರು ಉತ್ತರ ಸರಿಯಿದ್ದರೂ "ಹೇಗೆ ಬಂತು? ಬೋರ್ಡಿನ ಮೇಲೆ ಮಾಡಿ ತೋರಿಸು" ಎನ್ನುತ್ತಿದ್ದರು. ಆಗ ಬೇಸರವಾಗುತ್ತಿತ್ತು. ಇಂದು ನನ್ನ ಕೆಲಸ ಉಳಿದಿರುವುದು ಆ ಅಭ್ಯಾಸದಿಂದ.

ಬೇಸಿಗೆ ರಜೆಯಲ್ಲಿ ಹತ್ತು ದಿನ ಬಂದು ಮಕ್ಕಳ ಜೊತೆ ಕೂರುತ್ತೇನೆ. ಬೋರ್ಡು, ಸೀಮೆಸುಣ್ಣ ಇದ್ದರೆ ಸಾಕು.