ಹತ್ತಿಯ ಕಡ್ಡಿಗಳೂ ಉಪ್ಪಿನ ಜಾತ್ರೆಯೂ

ಮಕ್ಕಳೇ, ಅಜ್ಜಿ ದೀಪಕ್ಕೆ ಬತ್ತಿ ಹೊಸೆಯುವಾಗ ಹತ್ತಿ ಎಳೆ ಎಳೆಯಾಗಿ ಬಿಡಿಸಿಕೊಳ್ಳುವುದನ್ನು ನೋಡಿದ್ದೀರಲ್ಲ? ಆ ಒಂದು ಎಳೆಯನ್ನು ಮತ್ತೆ ಸೀಳಿದರೆ? ಸೀಳಿದ್ದನ್ನು ಇನ್ನೂ ಸೀಳಿದರೆ? ನಮ್ಮ ಉಗುರಿಗೆ ಆಗದ ಆ ಕೆಲಸವನ್ನು ಗಂಧಕಾಮ್ಲ ಮಾಡುತ್ತದೆ. ಹತ್ತಿ, ಕಾಗದ, ಮರ ಎಲ್ಲದರಲ್ಲೂ ಇರುವ ವಸ್ತು ಸೆಲ್ಯುಲೋಸ್. ಬಿಸಿ ಆಮ್ಲ ಅದರ ಸಡಿಲ ಭಾಗವನ್ನು ಕರಗಿಸಿಬಿಡುತ್ತದೆ. ಬಿಗಿಯಾಗಿ ಜೋಡಣೆಗೊಂಡ ಪುಟ್ಟ ಪುಟ್ಟ ಕಡ್ಡಿಗಳು ಮಾತ್ರ ಉಳಿಯುತ್ತವೆ. 1950ರ ಸುಮಾರಿಗೆ ಸ್ವೀಡನ್ನಿನ ಉಪ್ಸಾಲಾದಲ್ಲಿ ಬೆಂಗ್ಟ್ ರಾನ್‌ಬಿ ಎಂಬ ವಿಜ್ಞಾನಿ ಇದನ್ನು ಮಾಡಿ ತೋರಿಸಿದರು. ಈ ಕಡ್ಡಿಗಳಿಗೆ ಸೆಲ್ಯುಲೋಸ್ ನ್ಯಾನೋ ಹರಳುಗಳು ಎಂದು ಹೆಸರು.

ಎಷ್ಟು ಪುಟ್ಟವು? ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು ಪಾಲು ಒಂದು ನ್ಯಾನೋಮೀಟರ್. ಕಡ್ಡಿಯ ದಪ್ಪ ಸುಮಾರು 5ರಿಂದ 10 ನ್ಯಾನೋಮೀಟರ್, ಉದ್ದ 100ರಿಂದ 200. ನಿಮ್ಮ ಒಂದೇ ಒಂದು ತಲೆಗೂದಲಿನ ಅಗಲದಲ್ಲಿ ಇಂಥ ಹತ್ತು ಸಾವಿರ ಕಡ್ಡಿಗಳು ಪಕ್ಕಪಕ್ಕ ಮಲಗಬಹುದು!

ಇವನ್ನು ಶುದ್ಧ ನೀರಿಗೆ ಹಾಕಿದರೆ ತಳಕ್ಕೆ ಇಳಿಯುವುದಿಲ್ಲ, ಒಂದಕ್ಕೊಂದು ಅಂಟುವುದೂ ಇಲ್ಲ. ಕಾರಣ ಆ ಗಂಧಕಾಮ್ಲವೇ. ಅದು ಹೋಗುವಾಗ ಕಡ್ಡಿಗಳ ಮೈಮೇಲೆ ಸಲ್ಫೇಟ್ ಎಂಬ ಗುರುತು ಬಿಟ್ಟು ಹೋಗಿರುತ್ತದೆ. ಪ್ರತಿ ಗುರುತಿಗೂ ಋಣ ವಿದ್ಯುದಾವೇಶ ಇದೆ. ಋಣಕ್ಕೆ ಋಣ ಆಗಿಬರುವುದಿಲ್ಲ. ‘ದೂರ ಇರು, ದೂರ ಇರು’ ಎಂದು ಕಡ್ಡಿಗಳು ಒಂದನ್ನೊಂದು ತಳ್ಳುತ್ತಲೇ ಇರುತ್ತವೆ.

ಈಗ ನೀರಿಗೆ ಅಡುಗೆ ಉಪ್ಪು ಹಾಕೋಣ. ಉಪ್ಪು ಕರಗಿ ಧನ ಸೋಡಿಯಂ, ಋಣ ಕ್ಲೋರೈಡ್ ಎಂಬ ಅಯಾನುಗಳಾಗಿ ಬೇರೆಯಾಗುತ್ತದೆ. ಸೋಡಿಯಂ ಅಯಾನುಗಳು ಕಡ್ಡಿಗಳ ಸುತ್ತ ಮುತ್ತಿಕೊಳ್ಳುತ್ತವೆ. ರಾತ್ರಿ ಊರು ಮಲಗಿದ ಮೇಲೆ ಯಾರಾದರೂ ಕೂಗಿದರೆ ಕೆರೆಯಾಚೆಗೂ ಕೇಳುತ್ತದೆ. ಜಾತ್ರೆಯ ಗದ್ದಲದಲ್ಲಿ ಅದೇ ಕೂಗು ಕೇಳಬೇಕಾದರೆ ಕಿವಿಯ ಹತ್ತಿರವೇ ಬರಬೇಕು. ಕಡ್ಡಿಗಳ ಕೂಗಿಗೂ ಹಾಗೇ ಆಗುತ್ತದೆ. ಒಂದು ಲೀಟರ್ ನೀರಿನಲ್ಲಿ 0.06 ಗ್ರಾಂ ಉಪ್ಪಿದ್ದಾಗ ತಳ್ಳುವ ಬಲ ಸುಮಾರು 10 ನ್ಯಾನೋಮೀಟರ್ ದೂರ ಮುಟ್ಟುತ್ತದೆ. ಉಪ್ಪು 6 ಗ್ರಾಂ ಆದರೆ ಅದು ಸುಮಾರು 1 ನ್ಯಾನೋಮೀಟರಿಗೆ ಇಳಿಯುತ್ತದೆ. ತುಂಬಾ ಹತ್ತಿರ ಬಂದ ಕಣಗಳ ನಡುವೆ ಸಹಜವಾಗಿಯೇ ಒಂದು ಸೆಳೆತ ಇರುತ್ತದೆ. ತಳ್ಳುವವರಿಲ್ಲದಾಗ ಆ ಸೆಳೆತ ಗೆದ್ದು, ಕಡ್ಡಿಗಳು ಗುಂಪುಗಟ್ಟುತ್ತವೆ. ನೋಡಿ, ಉಪ್ಪು ಅಂಟಿನ ಕೆಲಸ ಮಾಡಲಿಲ್ಲ. ಜಗಳದ ದನಿಯನ್ನು ಅಡಗಿಸಿತು, ಅಷ್ಟೇ. ನನಗೆ ಬಹಳ ಇಷ್ಟವಾದ ಸಂಗತಿ ಇದು.

ಎಲ್ಲ ಉಪ್ಪುಗಳ ಬಲವೂ ಒಂದೇ ಅಲ್ಲ. ಸೋಡಿಯಂಗೆ ಒಂದು ಧನಾವೇಶ, ಕ್ಯಾಲ್ಸಿಯಂಗೆ ಎರಡು, ಅಲ್ಯೂಮಿನಿಯಂಗೆ ಮೂರು. ಸೋಡಿಯಂಗಿಂತ ಬಹಳ ಕಡಿಮೆ ಕ್ಯಾಲ್ಸಿಯಂ ಸಾಕು, ಅದಕ್ಕಿಂತಲೂ ಕಡಿಮೆ ಅಲ್ಯೂಮಿನಿಯಂ ಸಾಕು. ನೀರಿನಲ್ಲಿ ತೇಲುವ ಸಣ್ಣ ಕಣಗಳ ಬಗ್ಗೆ ಈ ನಿಯಮವನ್ನು ಹಾನ್ಸ್ ಶುಲ್ಜ್ 1882ರಲ್ಲೂ ವಿಲಿಯಂ ಹಾರ್ಡಿ 1900ರಲ್ಲೂ ಕಂಡುಕೊಂಡಿದ್ದರು.

ಗುಂಪಾದವು ಮತ್ತೆ ಬಿಡುತ್ತವೆಯೇ? ಅಡುಗೆ ಉಪ್ಪಿನಿಂದ ಗುಂಪಾಗಿದ್ದರೆ, ಆ ನೀರನ್ನು ತೆಳುಪೊರೆಯ ಚೀಲಕ್ಕೆ ತುಂಬಿ ಶುದ್ಧ ನೀರಿನಲ್ಲಿ ಇಡುತ್ತಾರೆ. ಉಪ್ಪು ನುಸುಳಿ ಹೊರಗೆ ಹೋಗುತ್ತದೆ, ಕಡ್ಡಿಗಳು ಒಳಗೇ ಉಳಿದು ಚೆನ್ನಾಗಿ ಕಲಕಿದರೆ ಬೇರೆಯಾಗುತ್ತವೆ. ಇನ್ನೊಂದು ಸೋಜಿಗ ಕೇಳಿ. ಆಮ್ಲದ ಗುಣ ಹಾಗೇ ಉಳಿದ ಕಡ್ಡಿಗಳನ್ನು ಪೂರ್ತಿ ಒಣಗಿಸಿದರೆ ಅವು ಗಟ್ಟಿಯಾಗಿ ಹಿಡಿದುಕೊಂಡು, ನೀರಿಗೆ ಹಾಕಿದರೂ ಬಿಡುವುದಿಲ್ಲ. ಒಣಗಿಸುವ ಮೊದಲೇ ಆಮ್ಲದ ಜಾಗಕ್ಕೆ ಸೋಡಿಯಂ ಕೂರಿಸಿದ್ದರೆ, ಒಣಗಿದ ಪುಡಿ ನೀರಿನಲ್ಲಿ ಮತ್ತೆ ಹರಡಿಕೊಳ್ಳುತ್ತದೆ. ಹೆಚ್ಚಾದಾಗ ಒಟ್ಟುಗೂಡಿಸುವ ಸೋಡಿಯಂ, ಹದವಾಗಿದ್ದಾಗ ಬಿಡಿಸುವುದಕ್ಕೂ ನೆರವಾಗುತ್ತದೆ!

ಈ ಕಡ್ಡಿಗಳು ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಜೇಡಿಮಣ್ಣಿನ ಕಣಗಳ ಮೈಯಲ್ಲೂ ಋಣಾವೇಶ ಇದೆ. ಮೂರು ಗಾಜಿನ ಲೋಟಗಳಲ್ಲಿ ಕದಡಿದ ಮಣ್ಣುನೀರು ತೆಗೆದುಕೊಳ್ಳಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಒಂದು ಚಮಚ ಉಪ್ಪು, ಮೂರನೆಯದಕ್ಕೆ ಚಿಟಿಕೆ ಪಟಿಕದ ಪುಡಿ ಹಾಕಿ ಕಲಕಿ. ಕ್ಷೌರದಂಗಡಿಯಲ್ಲಿ ಕಾಣುವ ಆ ಬಿಳಿ ಕಲ್ಲೇ ಪಟಿಕ. ಅದರಲ್ಲಿ ಅಲ್ಯೂಮಿನಿಯಂ ಇದೆ. ಆ ನೀರನ್ನು ಕುಡಿಯಬೇಡಿ. ಅರ್ಧ ಗಂಟೆ ಅಲುಗಿಸದೆ ಬಿಟ್ಟು, ಯಾವ ಲೋಟ ಮೊದಲು ತಿಳಿಯಾಯಿತು ಎಂದು ಬರೆದಿಡಿ.